ಟ್ಯಾಂಕ್ ತುಂಬಿದರೂ ಮುಳ್ಳು ಮುಕ್ಕಾಲಿಗೇ ನಿಲ್ಲುವುದೇಕೆ?

ಪ್ರಶ್ನೆ: ನಾನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಉದ್ಯೋಗದಲ್ಲಿದ್ದೇನೆ. ಕಳೆದ ವರ್ಷ 1972ರ ಎಂಜಿಬಿ ಜಿಟಿ ಕಾರೊಂದನ್ನು ಕೊಂಡೆ. ಎಂಜಿನ್ ಚೆನ್ನಾಗಿದೆ, ಆದರೆ ಪೆಟ್ರೋಲ್ ಗೇಜನ್ನು ನಂಬುವಂತಿಲ್ಲ. ಬಾಯಿಮಟ್ಟ ತುಂಬಿಸಿದರೂ ಮುಳ್ಳು ಮುಕ್ಕಾಲು ದಾಟುವುದಿಲ್ಲ. ಟ್ಯಾಂಕ್ ಬರಿದಾಗುತ್ತ ಬಂದಾಗ ಮಾತ್ರ ಹೆಚ್ಚುಕಡಿಮೆ ಸರಿಯಾಗಿ ತೋರಿಸುತ್ತದೆ. ರಾತ್ರಿ ದೀಪ ಹಾಕಿಕೊಂಡು ಹೊರಟರೆ ಮುಕ್ಕಾಲಿನಿಂದ ಅರ್ಧಕ್ಕೆ ಇಳಿಯುತ್ತದೆ, ಬೆಳಿಗ್ಗೆ ನೋಡಿದರೆ ಮತ್ತೆ ಮುಕ್ಕಾಲು. ಗೇಜನ್ನೇ ಬದಲಿಸಿದೆ, ಏನೂ ವ್ಯತ್ಯಾಸವಾಗಲಿಲ್ಲ. ಈಗ ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆದು ಗೇಜಿಗೆ ತಿಳಿಸುವ ಸೆಂಡರ್ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಬದಲಿಸಲೇ? ಊರಿನಲ್ಲಿರುವ ನಮ್ಮ ತಂದೆಯವರ ಅಂಬಾಸಿಡರ್‌ನಲ್ಲೂ ಇಂಥದೇ ತಕರಾರು ಇದೆ. ಅದಕ್ಕೂ ಇದೇ ಉಪಾಯ ಸಾಕೇ?

ಉತ್ತರ: ಸದ್ಯಕ್ಕೆ ಸೆಂಡರ್ ಬದಲಿಸಬೇಡಿ. ನೀವು ಬರೆದಿರುವ ಮೂರು ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಪ್ಪು ಎಲ್ಲಿದೆ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಕಾರಿನ ಹಿಂಭಾಗದ ಅರ್ಥಿಂಗ್, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ಸಂಪರ್ಕ, ಕೆಟ್ಟಿದೆ. ಅದನ್ನು ಖಚಿತಪಡಿಸಿಕೊಳ್ಳಲು ಟ್ಯಾಂಕ್ ಬಿಚ್ಚಬೇಕಿಲ್ಲ, ವೋಲ್ಟ್, ಓಮ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಉದ್ದನೆಯ ತಂತಿ ಇದ್ದರೆ ಸಾಕು. ಹಳೆಯ ಕಾರುಗಳ ವಿಷಯದಲ್ಲಿ ನನಗೆ ಬಹಳ ಬೇಸರ ತರಿಸುವ ಸಂಗತಿ ಎಂದರೆ ಅಳತೆ ಮಾಡದೆ ಬಿಡಿಭಾಗ ಬದಲಿಸುವ ಅಭ್ಯಾಸ. ಐವತ್ತು ವರ್ಷ ಸರಿಯಾಗಿ ದುಡಿದ ಮೂಲ ಭಾಗವನ್ನು ಕಿತ್ತೆಸೆದು, ಈಗ ತಯಾರಾಗುವ ಅದರ ನಕಲನ್ನು ಕೂರಿಸಿದರೆ ಎಷ್ಟೋ ಸಲ ಇದ್ದುದಕ್ಕಿಂತ ಕೆಟ್ಟ ಸ್ಥಿತಿಗೆ ಬರುತ್ತೇವೆ. ನೀವು ತೆಗೆದಿಟ್ಟ ಹಳೆಯ ಗೇಜನ್ನು ದಯವಿಟ್ಟು ಜೋಪಾನವಾಗಿಡಿ. ಅದು ಸರಿಯಾಗಿಯೇ ಇರುವ ಸಂಭವ ಹೆಚ್ಚು.

ಮೊದಲು ಈ ಏರ್ಪಾಡು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಅದು ತಿಳಿದರೆ ಉಳಿದದ್ದೆಲ್ಲ ಸುಲಭ.

1962ರಲ್ಲಿ ಬಂದ ಮೊದಮೊದಲ ಎಂಜಿಬಿಗಳಲ್ಲಿ ಇದ್ದದ್ದು ಎರಡು ಸುರುಳಿಗಳ ನಡುವೆ ಕಬ್ಬಿಣದ ತುಣುಕೊಂದು ತಿರುಗುವ ಗೇಜ್. ಕೀ ತಿರುಗಿಸಿದ ಕೂಡಲೇ ಅದರ ಮುಳ್ಳು ಜಿಗಿದು ನಿಲ್ಲುತ್ತಿತ್ತು, ತಿರುವುಗಳಲ್ಲಿ ಪೆಟ್ರೋಲ್ ತುಳುಕಿದಂತೆ ತಾನೂ ಓಲಾಡುತ್ತಿತ್ತು. 1964ರ ಕೊನೆಯಿಂದ ಬಂದದ್ದು ಶಾಖದಿಂದ ನಡೆಯುವ ಗೇಜ್. ನಿಮ್ಮ ಕಾರಿನಲ್ಲಿರುವುದು ಇದೇ. ಇದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿದೆ. ಅದರ ಸುತ್ತ ಸುತ್ತಿದ ತೆಳು ತಂತಿಯಲ್ಲಿ ಕರೆಂಟ್ ಹರಿದಾಗ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಬಾಗಿದಷ್ಟೂ ಮುಳ್ಳು ಮೇಲೇರುತ್ತದೆ. ಬಿಸಿಯಾಗಲು ಸಮಯ ಬೇಕಾದ್ದರಿಂದ ಕೀ ತಿರುಗಿಸಿದ ಮೇಲೆ ಮುಳ್ಳು ತನ್ನ ಜಾಗಕ್ಕೆ ಬರಲು ಅರ್ಧ ನಿಮಿಷದಷ್ಟು ಹೊತ್ತು ಹಿಡಿಯುತ್ತದೆ. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಇದು ನೆನಪಿರಲಿ. ಇಲ್ಲಿ ಅವಸರ ಮಾಡಿದವರಿಗೆ ತಪ್ಪು ಉತ್ತರವೇ ಸಿಗುತ್ತದೆ.

ಶಾಖದ ಗೇಜಿಗೆ ಬರುವ ವೋಲ್ಟೇಜ್ ಏರಿಳಿದರೆ ಮುಳ್ಳೂ ಏರಿಳಿಯುತ್ತದೆ. ಆದ್ದರಿಂದ ಡ್ಯಾಶ್‌ಬೋರ್ಡಿನ ಹಿಂದೆ ವೋಲ್ಟೇಜ್ ಸ್ಟೆಬಿಲೈಸರ್ ಎಂಬ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ತಗಡಿನ ಡಬ್ಬಿಯೊಂದನ್ನು ಇಟ್ಟಿದ್ದಾರೆ. ಬ್ಯಾಟರಿಯಿಂದ ಹನ್ನೆರಡು ವೋಲ್ಟ್ ಬಂದರೂ ಡೈನಮೋ ಅಥವಾ ಆಲ್ಟರ್ನೇಟರ್‌ನಿಂದ ಹದಿನಾಲ್ಕು ಬಂದರೂ ಗೇಜಿಗೆ ಸರಾಸರಿ ಹತ್ತು ವೋಲ್ಟ್ ಮಾತ್ರ ಹೋಗುವಂತೆ ನೋಡಿಕೊಳ್ಳುವುದು ಇದರ ಕೆಲಸ. ಸರಾಸರಿ ಎಂದದ್ದು ಏಕೆಂದರೆ ಇದರೊಳಗೂ ಒಂದು ಲೋಹದ ಪಟ್ಟಿಯಿದೆ. ಅದು ಬಿಸಿಯಾದಾಗ ಸಂಪರ್ಕ ಕಡಿದುಹೋಗುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಹಾಲು ಉಕ್ಕದಂತೆ ಗೃಹಿಣಿ ಒಲೆಯ ಉರಿಯನ್ನು ಹಚ್ಚುತ್ತ ಆರಿಸುತ್ತ ಇರುವ ರೀತಿ ಇದು. ಗೇಜ್ ನಿಧಾನಸ್ಥ ಆದ್ದರಿಂದ ಈ ಹಚ್ಚು‑ಆರಿಸು ಅದಕ್ಕೆ ತಿಳಿಯುವುದೇ ಇಲ್ಲ.

ಗೇಜಿನಿಂದ ಹೊರಟ ಕರೆಂಟ್ ಹಸಿರು ಮೈಗೆ ಕಪ್ಪು ಗೀಟಿರುವ ತಂತಿಯಲ್ಲಿ ಹಿಂದಕ್ಕೆ ಹೋಗಿ ಸೆಂಡರ್ ಮುಟ್ಟುತ್ತದೆ. ಸೆಂಡರ್ ಎಂದರೆ ತೇಲುವ ಬುರುಡೆಯ ಜೊತೆ ಮೇಲೆ ಕೆಳಗೆ ಆಡುವ, ಕರೆಂಟಿಗೆ ತಡೆ ಒಡ್ಡುವ ಒಂದು ರೆಸಿಸ್ಟರ್. ಟ್ಯಾಂಕ್ ತುಂಬಿದಾಗ ಅದರ ತಡೆ ಸುಮಾರು 30 ಓಮ್, ಖಾಲಿಯಾದಾಗ ಸುಮಾರು 250 ಓಮ್, ಅರ್ಧ ಇದ್ದಾಗ 70ರ ಆಸುಪಾಸು. ಅಲ್ಲಿಂದ ಕರೆಂಟ್ ಸೆಂಡರಿನ ಮೈ, ಟ್ಯಾಂಕ್, ಬಾಡಿ ಇವುಗಳ ಮೂಲಕ ಅಥವಾ ಕಪ್ಪು ತಂತಿಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಮರಳುವ ಈ ದಾರಿಯನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಳೆಯ ಕಾರುಗಳಲ್ಲಿ ತುಕ್ಕು ಮೊದಲು ಕೂರುವುದು ಅಲ್ಲಿಯೇ.

ಈಗ ನಿಮ್ಮ ಲಕ್ಷಣಗಳಿಗೆ ಬರೋಣ. ಗೇಜಿನ ಒಳಗಿನ ಸುರುಳಿಗೆ ಸುಮಾರು 65 ಓಮ್ ತಡೆಯಿದೆ ಎಂದಿಟ್ಟುಕೊಳ್ಳಿ. ಟ್ಯಾಂಕ್ ತುಂಬಿದಾಗ ಒಟ್ಟು 95 ಓಮ್, ಹತ್ತು ವೋಲ್ಟಿಗೆ ಹರಿಯುವುದು ಸುಮಾರು 105 ಮಿಲಿಆಂಪಿಯರ್. ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದು 15 ಓಮ್ ಹೆಚ್ಚಿಗೆ ಸೇರಿಕೊಂಡಿತು ಎನ್ನಿ. ಆಗ ಒಟ್ಟು 110 ಓಮ್, ಹರಿಯುವುದು 91 ಮಿಲಿಆಂಪಿಯರ್. ಶಾಖ ಹುಟ್ಟುವುದು ಕರೆಂಟಿನ ವರ್ಗದ ಪ್ರಮಾಣದಲ್ಲಿ. ಹಾಗಾಗಿ ಪಟ್ಟಿಗೆ ಸಿಗುವ ಶಾಖ ಮುಕ್ಕಾಲು ಪಾಲಿಗೆ ಇಳಿಯುತ್ತದೆ, ಮುಳ್ಳೂ ಮುಕ್ಕಾಲಿನ ಹತ್ತಿರವೇ ನಿಲ್ಲುತ್ತದೆ. ಅದೇ 15 ಓಮ್ ಖಾಲಿ ಟ್ಯಾಂಕಿನಲ್ಲಿ ಏನು ಮಾಡೀತು? ಅಲ್ಲಿ ಒಟ್ಟು ತಡೆ ಮೊದಲೇ 315 ಓಮ್. ಅದು 330 ಆದರೆ ಮುಳ್ಳು ಕೂದಲೆಳೆಯಷ್ಟು ಅಲುಗೀತು, ಅಷ್ಟೇ. ಮೇಲ್ತುದಿಯಲ್ಲಿ ದೊಡ್ಡ ತಪ್ಪು, ಕೆಳತುದಿಯಲ್ಲಿ ತಪ್ಪೇ ಇಲ್ಲ ಎನ್ನುವುದು ಸೇರಿಕೊಂಡ ತಡೆಯ ಗುರುತು. ಗೇಜಾಗಲಿ ಸ್ಟೆಬಿಲೈಸರ್ ಆಗಲಿ ಕೆಟ್ಟಿದ್ದರೆ ತಪ್ಪು ಈ ಆಕಾರದಲ್ಲಿ ಕಾಣಿಸಿಕೊಳ್ಳುವುದು ಕಷ್ಟ.

ರಾತ್ರಿಯ ಇಳಿತ ಇನ್ನೂ ಹೆಚ್ಚು ಹೇಳುತ್ತದೆ. ದೀಪ ಹಾಕಿದಾಗ ಬ್ಯಾಟರಿಯ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ, ಅದಕ್ಕೇ ಮುಳ್ಳು ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಕುಸಿತ ಗೇಜಿಗೆ ತಟ್ಟದಂತೆ ಮಾಡಲೆಂದೇ ಸ್ಟೆಬಿಲೈಸರ್ ಇರುವುದು. ನಡೆಯುತ್ತಿರುವುದು ಬೇರೆ. ಹಿಂದಿನ ದೀಪಗಳ ಕರೆಂಟೂ ಸೆಂಡರಿನ ಕರೆಂಟೂ ಒಂದೇ ಕೆಟ್ಟ ಅರ್ಥಿಂಗ್ ಮೂಲಕ ಹಾಯುತ್ತಿವೆ. ಆ 15 ಓಮಿನಲ್ಲಿ ಎರಡೇ ಓಮ್ ಇವೆರಡೂ ಹಾಯುವ ಜಾಗದಲ್ಲಿದ್ದರೂ ಸಾಕು. ಹಗಲು ಸೆಂಡರಿನ ನೂರು ಮಿಲಿಆಂಪಿಯರ್ ಮಾತ್ರ ಹರಿಯುವಾಗ ಅದರ ಪರಿಣಾಮ ಕಾಣುವುದಿಲ್ಲ. ಟೇಲ್ ಲ್ಯಾಂಪುಗಳು ಮತ್ತು ನಂಬರ್ ಪ್ಲೇಟಿನ ದೀಪ ಹೊತ್ತಿಕೊಂಡು ಒಂದು ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಅದೇ ದಾರಿ ಹಿಡಿದರೆ ಆ ಜಾಗದ ವೋಲ್ಟೇಜ್ ಎರಡು ವೋಲ್ಟಿನಷ್ಟು ಮೇಲೇಳುತ್ತದೆ. ಗೇಜಿನ ಪಾಲಿಗೆ ಉಳಿಯುವುದು ಹತ್ತರ ಬದಲು ಎಂಟು. ಮುಕ್ಕಾಲಿದ್ದ ಮುಳ್ಳು ಅರ್ಧಕ್ಕೆ ಬರಲು ಇಷ್ಟು ಸಾಕು. ನಿಮ್ಮ ಟೇಲ್ ಲ್ಯಾಂಪುಗಳು ಸ್ವಲ್ಪ ಮಂಕಾಗಿಯೂ ಇರಬೇಕು. ಹಳೆಯ ಕಾರು, ಹಾಗೆಯೇ ಇರುತ್ತದೆ ಎಂದು ಸುಮ್ಮನಿದ್ದೀರೇನೋ. ಇಂಗ್ಲೆಂಡಿನ ಚಳಿಗಾಲದ ಮಬ್ಬಿನಲ್ಲಿ ಹಿಂದಿನಿಂದ ಬರುವವರಿಗೆ ನಿಮ್ಮ ಬ್ರೇಕ್ ಲೈಟ್ ಕಾಣದಿದ್ದರೆ ಅದು ಪೆಟ್ರೋಲ್ ಗೇಜಿಗಿಂತ ಎಷ್ಟೋ ದೊಡ್ಡ ವಿಷಯ. ಆದ್ದರಿಂದ ಈ ಕೆಲಸವನ್ನು ಮುಂದೂಡಬೇಡಿ.

ಇದನ್ನು ಪರೀಕ್ಷಿಸುವುದು ಸುಲಭ. ಕಾರು ನಿಂತಿರಲಿ, ಕೀ ಹಾಕಿ ಮುಳ್ಳು ಒಂದು ಕಡೆ ನಿಲ್ಲುವವರೆಗೆ ಕಾಯಿರಿ. ಈಗ ಬ್ರೇಕ್ ಪೆಡಲ್ ತುಳಿದು ಒಂದು ನಿಮಿಷ ಹಾಗೆಯೇ ಹಿಡಿದಿರಿ. ಬ್ರೇಕ್ ಬಲ್ಬುಗಳು ಟೇಲ್ ಲ್ಯಾಂಪಿಗಿಂತ ಹೆಚ್ಚು ಕರೆಂಟ್ ಎಳೆಯುವುದರಿಂದ ಮುಳ್ಳು ಕಣ್ಣೆದುರೇ ನಿಧಾನವಾಗಿ ಕೆಳಗಿಳಿದರೆ ಸಂಶಯ ಉಳಿಯುವುದಿಲ್ಲ. ಅಂಕಿಯಲ್ಲಿ ನೋಡಬೇಕೆಂದರೆ ಮಲ್ಟಿಮೀಟರನ್ನು ವೋಲ್ಟಿಗಿಟ್ಟು, ಕಪ್ಪು ಕಡ್ಡಿಯನ್ನು ಉದ್ದನೆಯ ತಂತಿಯಿಂದ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಜೋಡಿಸಿ. ಕೆಂಪು ಕಡ್ಡಿಯನ್ನು ಸೆಂಡರಿನ ಲೋಹದ ಅಂಚಿಗೆ, ಬಣ್ಣ ಕೆರೆದ ಜಾಗದಲ್ಲಿ ಒತ್ತಿ ಹಿಡಿಯಿರಿ. ನಿಮ್ಮ ಕಾರಿನಲ್ಲಿ ಸೀಟುಗಳ ಹಿಂದೆ, ನೆಲದಡಿಯಲ್ಲಿ ಎರಡು ಆರು ವೋಲ್ಟ್ ಬ್ಯಾಟರಿಗಳನ್ನು ಸರಣಿಯಾಗಿ ಜೋಡಿಸಿರುತ್ತಾರೆ. ಬಾಡಿಗೆ ಹೋಗುವ ದಪ್ಪ ಕೇಬಲ್ ಇರುವ ಕಂಬವನ್ನೇ ಆರಿಸಿಕೊಳ್ಳಿ. ದೀಪ ಹಾಕಿದಾಗ ಮೀಟರ್ 0.1 ವೋಲ್ಟಿನ ಸುತ್ತಮುತ್ತ ಇದ್ದರೆ ಅರ್ಥಿಂಗ್ ಚೆನ್ನಾಗಿದೆ. ಒಂದು ವೋಲ್ಟ್, ಎರಡು ವೋಲ್ಟ್ ಎಂದು ತೋರಿಸಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಎರಡನೆಯ ಅಳತೆ ಸೆಂಡರ್ ಸರಿಯಿದೆಯೇ ಎಂದು ಹೇಳುತ್ತದೆ. ಟ್ಯಾಂಕ್ ಬಾಯಿಮಟ್ಟ ತುಂಬಿರುವಾಗಲೇ ಇದನ್ನು ಮಾಡಿ. ಕೀ ತೆಗೆದು, ದೀಪಗಳನ್ನು ಆರಿಸಿ, ಕಾರಿನ ಹಿಂಭಾಗವನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಿ. ಟ್ಯಾಂಕಿನ ಬಲಬದಿಯಲ್ಲಿರುವ ಸೆಂಡರಿನಿಂದ ಹಸಿರು‑ಕಪ್ಪು ತಂತಿಯನ್ನು ಕಳಚಿ. ಅಲ್ಲೆಲ್ಲಾದರೂ ಪೆಟ್ರೋಲ್ ಜಿನುಗಿದ ಗುರುತು ಅಥವಾ ವಾಸನೆ ಇದ್ದರೆ ಮೀಟರ್ ಮುಟ್ಟಬೇಡಿ, ಮೊದಲು ಸೋರಿಕೆ ನಿಲ್ಲಿಸಿ. ಏನೂ ಇಲ್ಲವಾದರೆ ಮೀಟರನ್ನು ಓಮಿಗೆ ತಿರುಗಿಸಿ ಎರಡು ಅಳತೆ ತೆಗೆದುಕೊಳ್ಳಿ: ಸೆಂಡರಿನ ತುದಿಯಿಂದ ಸೆಂಡರಿನ ಮೈಗೆ ಒಂದು, ಅದೇ ತುದಿಯಿಂದ ಬ್ಯಾಟರಿಯ ನೆಗೆಟಿವ್‌ಗೆ ಇನ್ನೊಂದು. ಮೊದಲನೆಯದು 30ರ ಹತ್ತಿರ, ಎರಡನೆಯದು 45ರ ಹತ್ತಿರ ಬಂದರೆ ಸೆಂಡರ್ ಆರೋಗ್ಯವಾಗಿದೆ, ನಡುವಿನ 15 ಓಮ್ ಅರ್ಥಿಂಗಿನಲ್ಲಿದೆ. ಎರಡೂ 30 ಇದ್ದರೆ ಹೆಚ್ಚಿಗೆಯ ತಡೆ ಹಸಿರು‑ಕಪ್ಪು ತಂತಿಯ ದಾರಿಯಲ್ಲಿ, ಬಹುಶಃ ಹಿಂಭಾಗದ ಗುಂಡುತುದಿಯ ಕನೆಕ್ಟರ್ ಒಂದರಲ್ಲಿ ಇದೆ. ಎರಡೂ 45 ಇದ್ದರೆ ಮಾತ್ರ ಗ್ಯಾರೇಜಿನವರ ಮಾತಿಗೆ ಬೆಲೆ. ಆಗಲೂ ಬುರುಡೆಯ ಕಡ್ಡಿ ಬಾಗಿ, ಪೂರ್ತಿ ಮೇಲೆ ಬರದೆ ನಿಂತಿರಬಹುದು.

ಅರ್ಥಿಂಗ್ ದುರಸ್ತಿಯಲ್ಲಿ ಚಾತುರ್ಯಕ್ಕಿಂತ ಶ್ರದ್ಧೆ ಮುಖ್ಯ. ಹಿಂಭಾಗದ ಕಪ್ಪು ತಂತಿಗಳು ಬಾಡಿಗೆ ಸೇರುವ ಬೋಲ್ಟನ್ನು ಹುಡುಕಿ ಬಿಚ್ಚಿ. ತಂತಿಯ ಉಂಗುರವನ್ನೂ ಅದರಡಿಯ ತಗಡನ್ನೂ ಲೋಹ ಹೊಳೆಯುವವರೆಗೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿಯಾಗಿ ಕೂರಿಸಿ, ಆ ಮೇಲೆ ಗ್ರೀಸ್ ಸವರಿ. ಗ್ರೀಸ್ ಮೊದಲಲ್ಲ, ಕೊನೆಗೆ. ಟ್ಯಾಂಕನ್ನು ಎಂದಾದರೂ ಹೊಸದಾಗಿ ಬಣ್ಣ ಬಳಿದು ಕೂರಿಸಿದ್ದರೆ ಅದರ ಬೋಲ್ಟುಗಳ ಅಡಿಯ ಬಣ್ಣವೇ ಕರೆಂಟಿಗೆ ಗೋಡೆಯಾಗಿರುತ್ತದೆ. ಇದು ಚೆನ್ನಾಗಿ ಪುನರುಜ್ಜೀವನಗೊಂಡ ಕಾರುಗಳಲ್ಲೇ ಹೆಚ್ಚಾಗಿ ಕಾಣುವ ತೊಂದರೆ. ನಾನಂತೂ ಟ್ಯಾಂಕಿನ ಬೋಲ್ಟುಗಳನ್ನು ನಂಬದೆ ಸೆಂಡರಿನ ಮೈಯಿಂದ ನೇರವಾಗಿ ಬಾಡಿಗೆ ಒಂದು ಪ್ರತ್ಯೇಕ ಕಪ್ಪು ತಂತಿ ಎಳೆಯಿರಿ ಎನ್ನುತ್ತೇನೆ. ದೀಪಗಳ ಅರ್ಥಿಂಗ್ ಬೋಲ್ಟಿಗೆ ಅದನ್ನು ಸೇರಿಸಬೇಡಿ, ಬೇರೆ ಜಾಗ ಕೊಡಿ.

ಇಷ್ಟು ಮಾಡಿದ ಮೇಲೂ ಮುಳ್ಳು ಸರಿಯಾಗದಿದ್ದರೆ ಡ್ಯಾಶ್‌ಬೋರ್ಡಿನ ಕಡೆಗೆ ಬನ್ನಿ. ಇಲ್ಲಿ ಒಂದು ಎಚ್ಚರಿಕೆ. ‘ಪೆಟ್ರೋಲ್ ಗೇಜೂ ಟೆಂಪರೇಚರ್ ಗೇಜೂ ಒಟ್ಟಿಗೆ ತಪ್ಪು ತೋರಿಸಿದರೆ ಸ್ಟೆಬಿಲೈಸರ್ ಕೆಟ್ಟಿದೆ’ ಎಂಬ ಸೂತ್ರವನ್ನು ಎಲ್ಲ ಕಡೆ ಹೇಳುತ್ತಾರೆ. ಸೂತ್ರ ಸರಿ, ಆದರೆ ಬ್ರಿಟನ್ನಿನಲ್ಲಿ ಮಾರಾಟವಾದ ನಿಮ್ಮ ಕಾಲದ ಎಂಜಿಬಿಗೆ ಅದು ಅನ್ವಯಿಸುವುದಿಲ್ಲ. ಅದರ ಟೆಂಪರೇಚರ್ ಗೇಜ್ ವಿದ್ಯುತ್ತಿನದಲ್ಲ, ಸಣ್ಣ ನಳಿಕೆಯೊಂದು ಎಂಜಿನ್ನಿನಿಂದ ನೇರ ಗೇಜಿಗೆ ಬಂದಿರುತ್ತದೆ. ಸ್ಟೆಬಿಲೈಸರ್ ನೋಡಿಕೊಳ್ಳುವುದು ಪೆಟ್ರೋಲ್ ಗೇಜನ್ನು ಮಾತ್ರ.

ಸ್ಟೆಬಿಲೈಸರ್‌ಗೆ ಹಸಿರು ತಂತಿ ಬರುತ್ತದೆ, ತಿಳಿಹಸಿರು ತಂತಿ ಗೇಜಿಗೆ ಹೋಗುತ್ತದೆ. ಹಸಿರಿನಲ್ಲಿ ಕರೆಂಟೇ ಇಲ್ಲದಿದ್ದರೆ ಫ್ಯೂಸ್ ನೋಡಿ. ಅದೇ ಫ್ಯೂಸಿನಿಂದ ಇಂಡಿಕೇಟರ್ ಮತ್ತು ಬ್ರೇಕ್ ಲೈಟುಗಳಿಗೂ ಹೋಗುವುದರಿಂದ ಅವೂ ಸತ್ತಿರುತ್ತವೆ. ತಿಳಿಹಸಿರಿನಲ್ಲಿ ಡಿಜಿಟಲ್ ಮೀಟರ್ ಹಿಡಿದರೆ ಅಂಕಿಗಳು ಸೊನ್ನೆಗೂ ಹನ್ನೆರಡಕ್ಕೂ ನಡುವೆ ಕುಣಿಯುತ್ತವೆ. ಗಾಬರಿ ಬೇಡ, ಹಳೆಯ ಮಾದರಿ ಆರೋಗ್ಯವಾಗಿದೆ ಎಂದೇ ಅರ್ಥ. ಅಲುಗದೆ ಹನ್ನೆರಡರ ಮೇಲೆಯೇ ನಿಂತಿದ್ದರೆ ತೊಂದರೆ. ಅಂಥ ಕಾರಿನಲ್ಲಿ ಮುಳ್ಳು ಯಾವಾಗಲೂ ಹೆಚ್ಚೇ ತೋರಿಸುತ್ತದೆ. ನಿರ್ಜನ ರಸ್ತೆಯಲ್ಲಿ ನಡುರಾತ್ರಿ ಪೆಟ್ರೋಲ್ ಮುಗಿದು ನಿಲ್ಲಿಸುವ ತಪ್ಪು ಅದು. ಆದರೂ ಡಬ್ಬಿಯನ್ನು ಎಸೆಯುವ ಮೊದಲು ಅದನ್ನು ಹಿಡಿದಿರುವ ಸ್ಕ್ರೂ ನೋಡಿ. ಒಳಗಿನ ಪಟ್ಟಿಯನ್ನು ಬಿಸಿಮಾಡುವ ಸುರುಳಿಯ ಅರ್ಥಿಂಗ್ ಆಗುವುದು ಡಬ್ಬಿಯ ಮೈ ಮತ್ತು ಆ ಸ್ಕ್ರೂ ಮೂಲಕ. ಸ್ಕ್ರೂ ಸಡಿಲವಾದರೆ ಪಟ್ಟಿ ಬಿಸಿಯಾಗುವುದೇ ಇಲ್ಲ, ಸಂಪರ್ಕ ಕಡಿಯುವುದೇ ಇಲ್ಲ, ಹನ್ನೆರಡು ವೋಲ್ಟೂ ನೇರ ಗೇಜಿಗೆ ನುಗ್ಗುತ್ತದೆ. ಇಲ್ಲಿಯೂ ಅರ್ಥಿಂಗ್! ಡಬ್ಬಿ ನೆಟ್ಟಗೆ ನಿಂತಿರಬೇಕು, ಮೇಲ್ಭಾಗ ಯಾವುದೆಂದು ಅದರ ಮೇಲೆಯೇ ಗುರುತಿರುತ್ತದೆ. ಅಡ್ಡಾದಿಡ್ಡಿ ನೇತಾಡುತ್ತಿದ್ದರೆ ಸರಾಸರಿ ಕೆಡುತ್ತದೆ. ಬದಲಿಸುವುದೇ ಆದರೆ ಒಳಗೆ ಹತ್ತು ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇರುವ ಹೊಸ ಮಾದರಿ ಒಳ್ಳೆಯದು. ನಿಮ್ಮದು ನೆಗೆಟಿವ್ ಅರ್ಥಿಂಗ್ ಕಾರು, ಅಂದರೆ ಬ್ಯಾಟರಿಯ ನೆಗೆಟಿವ್ ಕಂಬವನ್ನು ಬಾಡಿಗೆ ಜೋಡಿಸಿರುವ ಕಾರು ಆದ್ದರಿಂದ ತೊಡಕಿಲ್ಲ. 1967ಕ್ಕಿಂತ ಹಳೆಯ ಎಂಜಿಬಿ ಇರುವವರು ತಮ್ಮದು ಪಾಸಿಟಿವ್ ಅರ್ಥಿಂಗ್ ಎಂಬುದನ್ನು ಹೇಳಿ ಅದಕ್ಕೆ ತಕ್ಕದ್ದನ್ನೇ ಕೇಳಿ ತರಿಸಬೇಕು.

ಗೇಜ್ ಪರೀಕ್ಷೆಗೆ ಹಸಿರು‑ಕಪ್ಪು ತಂತಿಯನ್ನು ಬಾಡಿಗೆ ತಾಗಿಸಿ ಮುಳ್ಳು ಫುಲ್ಲಿಗೆ ಏರುತ್ತದೆಯೇ ನೋಡುವ ವಾಡಿಕೆಯಿದೆ. ನನಗೆ ಅದು ಇಷ್ಟವಿಲ್ಲ. ಹಾಗೆ ಮಾಡಿದಾಗ ಗೇಜಿನಲ್ಲಿ 150 ಮಿಲಿಆಂಪಿಯರ್ ಹರಿದು ಮುಳ್ಳು ಫುಲ್ ದಾಟಿ ಹೋಗುತ್ತದೆ, ಬಹಳ ಹೊತ್ತು ಬಿಟ್ಟರೆ ಪಟ್ಟಿ ಹಾಳಾಗುತ್ತದೆ. ಜೊತೆಗೆ ಟ್ಯಾಂಕಿನ ಪಕ್ಕದಲ್ಲಿ ಕಿಡಿ ಹಾರಿಸುವ ಕೆಲಸ ಯಾರಿಗೂ ಬೇಡ. ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 33, 68 ಮತ್ತು 240 ಓಮಿನ ಒಂದು ವ್ಯಾಟ್ ರೆಸಿಸ್ಟರುಗಳನ್ನು ತನ್ನಿ. ಡ್ಯಾಶ್‌ಬೋರ್ಡಿನ ಹಿಂದೆ ಗೇಜಿನ ಹಸಿರು‑ಕಪ್ಪು ತುದಿಗೂ ಅರ್ಥಿಂಗಿಗೂ ನಡುವೆ ಒಂದೊಂದನ್ನಾಗಿ ಜೋಡಿಸಿ, ಪ್ರತಿ ಸಲ ಒಂದು ನಿಮಿಷ ಕಾಯಿರಿ. ಫುಲ್, ಅರ್ಧ, ಖಾಲಿ ಎಂದು ಮುಳ್ಳು ಹೆಚ್ಚುಕಡಿಮೆ ನಿಂತರೆ ಗೇಜ್ ಸರಿಯಿದೆ. ಸ್ವಲ್ಪ ಆಚೀಚೆ ಇದ್ದರೆ ಗೇಜಿನ ಬೆನ್ನಿನಲ್ಲಿ ಪುಟ್ಟ ಬೆಣೆಗಳಿಂದ ಮುಚ್ಚಿದ ಎರಡು ರಂಧ್ರಗಳಿವೆ. ಅವುಗಳೊಳಗೆ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಖಾಲಿ ತುದಿಯನ್ನೂ ಫುಲ್ ತುದಿಯನ್ನೂ ಹೊಂದಿಸಬಹುದು. ಒಂದನ್ನು ಮುಟ್ಟಿದರೆ ಇನ್ನೊಂದೂ ಸ್ವಲ್ಪ ಅಲುಗುವುದರಿಂದ ಎರಡು ಮೂರು ಸುತ್ತು ಬೇಕಾದೀತು. ನಿಮ್ಮ ಹಳೆಯ ಗೇಜನ್ನು ಹೀಗೆ ಪರೀಕ್ಷಿಸಿ ಮರಳಿ ಕೂರಿಸಿದರೆ ನನಗೆ ಸಂತೋಷವಾಗುತ್ತದೆ.

ಸೆಂಡರ್ ತೆಗೆಯಲೇಬೇಕಾಗಿ ಬಂದರೆ ಬಯಲಿನಲ್ಲಿ, ಬ್ಯಾಟರಿಯ ಅರ್ಥಿಂಗ್ ಕೇಬಲ್ ಕಳಚಿ ಕೆಲಸ ಮಾಡಿ. ಸೆಂಡರ್ ಟ್ಯಾಂಕಿನ ಪಕ್ಕದಲ್ಲಿರುವುದರಿಂದ ಪೆಟ್ರೋಲ್ ಅದರ ಮಟ್ಟಕ್ಕಿಂತ ಕೆಳಗಿಳಿಯುವವರೆಗೆ ಬಸಿದು ತೆಗೆಯಬೇಕು. ಬೀಗದ ಉಂಗುರವನ್ನು ಹಿತ್ತಾಳೆಯ ಕಡ್ಡಿಯಿಂದಲೇ ತಟ್ಟಿ ತಿರುಗಿಸಿ, ಉಕ್ಕಿನಿಂದ ಬೇಡ. ಹೊರಬಂದ ಬುರುಡೆಯನ್ನು ಕಿವಿಯ ಬಳಿ ಅಲುಗಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ಮುಳುಗುತ್ತಿದೆ. ಹೊಸ ಸೆಂಡರ್ ಕೂರಿಸುವ ಮೊದಲು ಮೇಜಿನ ಮೇಲಿಟ್ಟು ಕಡ್ಡಿಯನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಆಡಿಸುತ್ತ ಓಮ್ ನೋಡಿ, 30ರಿಂದ 250ರವರೆಗೆ ಎಲ್ಲಿಯೂ ಕಡಿಯದೆ ಸಾಗಬೇಕು. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಅದನ್ನು ತಾಳುವುದಿಲ್ಲ. ಎಥನಾಲ್ ತಾಳುವ ಹೊಸ ಸೀಲನ್ನೇ ಹಾಕಿ.

ನಿಮ್ಮ ತಂದೆಯವರ ಅಂಬಾಸಿಡರ್ ವಿಷಯ. ಅದರ ಮೂಲ ಮಾರಿಸ್ ಆಕ್ಸ್‌ಫರ್ಡ್, ನಿಮ್ಮ ಎಂಜಿಬಿಯಂತೆಯೇ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮನೆತನದ್ದು. ಆದರೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1958ರಿಂದ 2014ರವರೆಗೆ ತಯಾರಾದ ಆ ಕಾರಿನ ಡ್ಯಾಶ್‌ಬೋರ್ಡ್ ಹಲವು ಸಲ ಬದಲಾಗಿದೆ, ಗ್ಯಾರೇಜುಗಳಲ್ಲಿ ಸಿಕ್ಕಿದ ಸೆಂಡರ್ ಹಾಕಿರುವುದೂ ಉಂಟು. ಹಾಗಾಗಿ ನಾನು ಕೊಟ್ಟ ಓಮ್ ಅಂಕಿಗಳನ್ನು ಅಲ್ಲಿಗೆ ಒಯ್ಯಬೇಡಿ. ಮೊದಲು ಕೀ ತಿರುಗಿಸಿ ನೋಡಲು ತಂದೆಯವರಿಗೆ ಹೇಳಿ: ಮುಳ್ಳು ಜಿಗಿಯುತ್ತದೆಯೋ, ತೆವಳಿ ಏರುತ್ತದೆಯೋ? ಜಿಗಿದರೆ ಸುರುಳಿಯ ಗೇಜ್, ಸ್ಟೆಬಿಲೈಸರ್ ಹುಡುಕುವ ಅಗತ್ಯವೇ ಇಲ್ಲ. ಗೇಜೂ ಸೆಂಡರೂ ಒಂದೇ ಜೋಡಿಯವಾಗಿರುವುದು ಎಲ್ಲಕ್ಕಿಂತ ಮುಖ್ಯ. ಫೋಕ್ಸ್‌ವ್ಯಾಗನ್ ಬೀಟಲ್‌ನ ಸೆಂಡರ್ ತುಂಬಿದಾಗ ಸುಮಾರು 10, ಖಾಲಿಯಾದಾಗ 73 ಓಮ್. ವಿಡಿಒ ಕಂಪನಿಯ ಕೆಲವು ಸೆಂಡರುಗಳು ತಿರುವುಮುರುವಾಗಿ ಖಾಲಿಗೆ 10, ತುಂಬಿದಾಗ 180 ತೋರಿಸುತ್ತವೆ. ಒಂದರ ಸೆಂಡರನ್ನು ಇನ್ನೊಂದರ ಗೇಜಿಗೆ ಕಟ್ಟಿದರೆ ಯಾವ ದುರಸ್ತಿಯೂ ಫಲಿಸದು. ಅರ್ಥಿಂಗ್ ಪರೀಕ್ಷೆ ಮಾತ್ರ ಎರಡು ಕಾರುಗಳಿಗೂ ಒಂದೇ. ನಿಮ್ಮಲ್ಲಿ ರಸ್ತೆಗೆ ಹಾಕುವ ಉಪ್ಪಿನಿಂದ ಹಿಡಿಯುವ ತುಕ್ಕನ್ನು ನಮ್ಮ ಕರಾವಳಿ ಮಲೆನಾಡುಗಳಲ್ಲಿ ಮಳೆಗಾಲವೇ ತರುತ್ತದೆ.

ಮುಂದಿನ ಸಲ ಟ್ಯಾಂಕ್ ತುಂಬಿಸಿದ ದಿನವೇ ಆ ಎರಡು ಓಮ್ ಅಳತೆಗಳನ್ನೂ ದೀಪ ಹಾಕಿದಾಗಿನ ವೋಲ್ಟ್ ಅಳತೆಯನ್ನೂ ತೆಗೆದು ನನಗೆ ಬರೆಯಿರಿ. ಅಲ್ಲಿಯವರೆಗೆ ಗೇಜನ್ನು ನಂಬದೆ, ಓಡಿದ ಮೈಲಿ ಲೆಕ್ಕ ಇಟ್ಟುಕೊಂಡು ಪೆಟ್ರೋಲ್ ಹಾಕಿಸಿ. ನಿಮ್ಮ ಟ್ಯಾಂಕ್ ಹಿಡಿಯುವುದು 12 ಗ್ಯಾಲನ್, ಅಂದರೆ ಸುಮಾರು 54 ಲೀಟರ್.